ಕೂಸಿನ ಜ್ವರವೂ ಮೂತ್ರದ ಶೀಘ್ರ ಪರೀಕ್ಷೆಯೂ



ಯೆಹೂದದ ಅರಸನಾದ ಹಿಜ್ಕೀಯನು ಮರಣಕರವಾದ ರೋಗದಲ್ಲಿ ಬಿದ್ದಾಗ ಗೋಡೆಯ ಕಡೆಗೆ ಮುಖ ತಿರುಗಿಸಿ ಕಣ್ಣೀರಿನಿಂದ ದೇವರಿಗೆ ಮೊರೆಯಿಟ್ಟ ಸಂಗತಿಯನ್ನು ನಮ್ಮ ಸಭೆಗಳಲ್ಲಿ ಕೇಳದವರು ಕಡಿಮೆ. ದೇವರು ಅವನ ಮೊರೆಯನ್ನು ಲಾಲಿಸಿದನು. ಆದರೆ ಅದೇ ಚರಿತ್ರೆಯಲ್ಲಿ, ಪ್ರವಾದಿಯಾದ ಯೆಶಾಯನು ಅಂಜೂರದ ಹಣ್ಣುಗಳನ್ನು ತರಿಸಿ ಅರಸನ ಹುಣ್ಣಿನ ಮೇಲೆ ಕಟ್ಟಿಸಿದನೆಂಬದೂ ಬರೆದಿರುತ್ತದೆ. ದೇವರ ವಾಗ್ದಾನವನ್ನು ತಂದ ಪ್ರವಾದಿಯೇ ಔಷಧವನ್ನೂ ತರಿಸಿದನು. ಆದಕಾರಣ ಪ್ರಾರ್ಥನೆ ಮಾಡುವ ಮನೆಯಲ್ಲಿ ವೈದ್ಯನ ಪರೀಕ್ಷೆಗೆ ಸ್ಥಳವಿಲ್ಲವೆಂದು ಯಾರೂ ನೆನಸಬಾರದು.

ಈ ತಿಂಗಳ ಪಾಠದಲ್ಲಿ ನಾವು ವಿಚಾರಿಸತಕ್ಕ ವಿಷಯವು ಹೊರನೋಟಕ್ಕೆ ಅಲ್ಪವಾದದ್ದು. ಅದು ಮಕ್ಕಳ ಮೂತ್ರದಲ್ಲಿ ಒಂದು ಸಣ್ಣ ಪಟ್ಟಿಯನ್ನು ಅದ್ದಿ ಎರಡು ನಿಮಿಷಗಳಲ್ಲಿ ಮಾಡುವ ಪರೀಕ್ಷೆ. ಮೂತ್ರವೆಂಬ ಮಾತನ್ನು ಸಭೆಯ ಪತ್ರಿಕೆಯಲ್ಲಿ ಆಡುವದೇ ನಾಚಿಕೆಯೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ದೇಹದ ಎಲ್ಲಾ ಅಂಗಗಳನ್ನೂ ಉಂಟುಮಾಡಿದಾತನು ದೇವರೇ. ನಮ್ಮ ನಾಚಿಕೆಯ ದೆಸೆಯಿಂದ ಒಂದು ಕೂಸಿನ ಮೂತ್ರಪಿಂಡವು ಕೆಟ್ಟುಹೋದರೆ ಆ ನಾಚಿಕೆಯಿಂದ ಯಾರಿಗೆ ಲಾಭ?

೧. ಕಾರಣ ಕಾಣದ ಜ್ವರ

ಮಗುವಿಗೆ ಜ್ವರ ಬಂದಾಗ ಅನೇಕ ಸಾರಿ ಕಾರಣವು ಕಣ್ಣಿಗೆ ಕಾಣುತ್ತದೆ. ಮೂಗು ಸೋರುತ್ತದೆ, ಕೆಮ್ಮು ಇರುತ್ತದೆ, ಕಿವಿ ನೋಯುತ್ತದೆ, ಮೈಮೇಲೆ ಗುಳ್ಳೆಗಳು ಏಳುತ್ತವೆ, ಇಲ್ಲವೆ ಭೇದಿಯಾಗುತ್ತದೆ. ಆದರೆ ಈ ಯಾವ ಗುರುತೂ ಇಲ್ಲದೆ ಬರೀ ಮೈ ಸುಡುವ ಜ್ವರವು ಕೆಲವು ಕೂಸುಗಳಿಗೆ ಬರುವದುಂಟು. ಆಗ ಮನೆಯ ಹಿರಿಯರು ಅದನ್ನು ಹಲ್ಲು ಬರುವ ಜ್ವರವೆಂದು ಹೇಳಿ ಸುಮ್ಮನಿರುತ್ತಾರೆ. ಕೆಲವರು ಉಷ್ಣವಾಯಿತೆಂದು ಹೊಕ್ಕುಳಿಗೆ ಹರಳೆಣ್ಣೆ ಹಚ್ಚುತ್ತಾರೆ. ಮತ್ತೆ ಕೆಲವರು ದೃಷ್ಟಿ ತಗಲಿತೆಂದು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರೆ; ಕ್ರೈಸ್ತರೆನಿಸಿಕೊಂಡವರ ಮನೆಗಳಲ್ಲಿಯೂ ಈ ಪದ್ಧತಿಯು ಪೂರ್ಣವಾಗಿ ಅಳಿದಿಲ್ಲವೆಂಬದನ್ನು ನಾವು ದುಃಖದಿಂದ ಹೇಳಬೇಕಾಗಿದೆ. ಇನ್ನು ಕೆಲವರು ಔಷಧದ ಅಂಗಡಿಗೆ ಹೋಗಿ, ಹಿಂದಿನ ಸಾರಿ ಕೊಟ್ಟ ಸಿರಪನ್ನೇ ಪುನಃ ಕೇಳಿ ತರುತ್ತಾರೆ.

ಇಂಥಾ ಜ್ವರದ ಹಿಂದೆ ಮೂತ್ರಮಾರ್ಗದ ಸೋಂಕು ಅಡಗಿರಬಹುದು. ಹಲವು ದೇಶಗಳ ವೈದ್ಯರು ಬರೆದಿಟ್ಟ ಲೆಕ್ಕಗಳನ್ನು ಒಟ್ಟುಗೂಡಿಸಿ ೨೦೦೮ನೆಯ ಇಸವಿಯಲ್ಲಿ ಪ್ರಕಟಿಸಿದ ಪ್ರಕಾರ, ಜ್ವರದಿಂದ ಆಸ್ಪತ್ರೆಗೆ ತಂದ ಕೂಸುಗಳಲ್ಲಿ ನೂರಕ್ಕೆ ಸುಮಾರು ೭ ಕೂಸುಗಳಿಗೆ ಈ ಸೋಂಕು ಇತ್ತು. ಸ್ವೀಡನ್ ದೇಶದಲ್ಲಿ ಶಾಲೆಗೆ ಸೇರುವ ಮಕ್ಕಳನ್ನು ವಿಚಾರಿಸಿದಾಗ, ಏಳು ವರುಷ ತುಂಬುವಷ್ಟರಲ್ಲಿ ನೂರು ಹೆಣ್ಣುಮಕ್ಕಳಲ್ಲಿ ಸುಮಾರು ೮ ಮಂದಿಗೂ, ನೂರು ಗಂಡುಮಕ್ಕಳಲ್ಲಿ ಸುಮಾರು ೨ ಮಂದಿಗೂ ಈ ರೋಗವು ಒಂದು ಸಾರಿಯಾದರೂ ಬಂದಿತ್ತೆಂದು ತಿಳಿದುಬಂತು. ಆದರೆ ಹುಟ್ಟಿದ ಮೊದಲಿನ ಕೆಲವು ತಿಂಗಳುಗಳಲ್ಲಿ ಇದು ಗಂಡುಕೂಸುಗಳಲ್ಲಿಯೇ ಹೆಚ್ಚು. ಆದದರಿಂದ ಇದು ಹೆಣ್ಣುಮಕ್ಕಳ ರೋಗವೆಂದು ಗಂಡುಮಗುವಿನ ತಾಯಿಯು ನಿಶ್ಚಿಂತೆಯಿಂದ ಇರಬಾರದು.

ದೊಡ್ಡ ಮಗುವಾದರೆ ತನ್ನ ಬಾಧೆಯನ್ನು ಬಾಯಿಂದ ಹೇಳುತ್ತದೆ. ಮೂತ್ರ ಹೊಯ್ಯುವಾಗ ಉರಿ, ಪದೇಪದೇ ಹೋಗಬೇಕೆಂಬ ಅವಸರ, ಕಿಬ್ಬೊಟ್ಟೆಯಲ್ಲಾಗಲಿ ಬೆನ್ನಿನ ಪಕ್ಕದಲ್ಲಾಗಲಿ ನೋವು, ಹಾಸಿಗೆ ಒದ್ದೆಮಾಡುವದನ್ನು ಬಿಟ್ಟಿದ್ದ ಮಗು ಪುನಃ ಒದ್ದೆಮಾಡುವದು, ಇವು ಅದರ ಗುರುತುಗಳು. ಕೂಸಿಗೆ ಮಾತಿಲ್ಲ. ಅದು ಜ್ವರದಿಂದ ಸುಡುತ್ತದೆ, ಹಾಲು ಕುಡಿಯಲೊಲ್ಲದು, ವಾಂತಿಮಾಡುತ್ತದೆ, ಕಾರಣವಿಲ್ಲದೆ ಅಳುತ್ತದೆ, ಇಲ್ಲವೆ ಅಳುವದಕ್ಕೂ ಶಕ್ತಿಯಿಲ್ಲದೆ ಮಂಕಾಗಿ ಬಿದ್ದಿರುತ್ತದೆ. ಕೆಲವು ಕೂಸುಗಳಲ್ಲಿ ಜ್ವರವೂ ಎದ್ದು ಕಾಣದು. ತೂಕ ಮಾತ್ರ ಏರದೆ ನಿಲ್ಲುತ್ತದೆ. ಮಾತು ಬಾರದ ಕೂಸಿಗೋಸ್ಕರ ಮಾತಾಡುವಂಥಾದ್ದೇ ಮೂತ್ರದ ಪರೀಕ್ಷೆ.

೨. ರೋಗವು ಬರುವ ಬಗೆ

ನಮ್ಮ ಕರುಳಿನಲ್ಲಿ ಎಣಿಸಲಾಗದಷ್ಟು ಸೂಕ್ಷ್ಮಜೀವಿಗಳು ವಾಸವಾಗಿರುತ್ತವೆ. ಅವು ತಮ್ಮ ಸ್ಥಳದಲ್ಲಿ ಇರುವ ತನಕ ಹೆಚ್ಚಾಗಿ ಕೇಡು ಮಾಡುವದಿಲ್ಲ. ಅವುಗಳಲ್ಲಿ ಒಂದನ್ನು ಥಿಯೊಡೋರ್ ಎಷೆರಿಕ್ ಎಂಬ ಮಕ್ಕಳ ವೈದ್ಯರು ೧೮೮೫ರಲ್ಲಿ ಕೂಸುಗಳ ಮಲದಲ್ಲಿ ಕಂಡುಹಿಡಿದು ವರ್ಣಿಸಿದರು. ಅದೇ ಜೀವಿಯು ಮಕ್ಕಳ ಮೂತ್ರಕೋಶದಲ್ಲಿ ಉರಿಯೂತವನ್ನು ಉಂಟುಮಾಡುತ್ತದೆಂದು ೧೮೯೪ರಲ್ಲಿ ಅವರೇ ಬರೆದರು. ಈಗ ಅದನ್ನು ಇ. ಕೋಲೈ ಎಂದು ಕರೆಯುತ್ತಾರೆ. ಮಕ್ಕಳ ಮೂತ್ರದ ಸೋಂಕುಗಳಲ್ಲಿ ಬಹುಪಾಲು ಇದರಿಂದಲೇ ಆಗುತ್ತದೆ.

ಈ ಜೀವಿಯು ಮಲದ್ವಾರದ ಸುತ್ತಣ ಚರ್ಮದಿಂದ ಮೂತ್ರದ್ವಾರಕ್ಕೆ ಸೇರಿ, ಅಲ್ಲಿಂದ ಮೂತ್ರಕೋಶಕ್ಕೆ ಏರುತ್ತದೆ. ಹೆಣ್ಣುಮಕ್ಕಳಲ್ಲಿ ಈ ದಾರಿಯು ಗಿಡ್ಡವಾದದರಿಂದ ರೋಗವು ಅವರಿಗೆ ಹೆಚ್ಚು. ಸೋಂಕು ಮೂತ್ರಕೋಶದಲ್ಲಿಯೇ ನಿಂತರೆ ಉರಿ ಮತ್ತು ಅವಸರ ಉಂಟಾಗುತ್ತವೆ. ಅದು ಇನ್ನೂ ಮೇಲಕ್ಕೆ ಏರಿ ಮೂತ್ರಪಿಂಡವನ್ನು ಮುಟ್ಟಿದರೆ ಬಲವಾದ ಜ್ವರ ಬರುತ್ತದೆ. ಕೆಲವು ಮಕ್ಕಳಲ್ಲಿ ಮೂತ್ರವು ಮೂತ್ರಕೋಶದಿಂದ ಮೂತ್ರಪಿಂಡದ ಕಡೆಗೆ ಹಿಮ್ಮುಖವಾಗಿ ಹರಿಯುವ ದೋಷವು ಹುಟ್ಟಿನಿಂದಲೇ ಇರುತ್ತದೆ. ಸೋಂಕು ಬಂದ ಮಕ್ಕಳಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಈ ದೋಷವನ್ನು ಕಾಣುತ್ತಾರೆ.

ಮೂತ್ರಪಿಂಡಕ್ಕೆ ತಗಲಿದ ಉರಿಯೂತವು ವಾಸಿಯಾದ ಮೇಲೆಯೂ ಅಲ್ಲಿ ಕಲೆ ಉಳಿಯಬಹುದು. ಮೊದಲನೆಯ ಸೋಂಕಿನ ನಂತರ ಪರೀಕ್ಷಿಸಿದ ನೂರು ಮಕ್ಕಳಲ್ಲಿ ಸುಮಾರು ೧೫ ಮಂದಿಯಲ್ಲಿ ಇಂಥಾ ಕಲೆ ಕಂಡುಬಂದಿದೆ. ಸಣ್ಣ ಕಲೆಯಿಂದ ಹೆಚ್ಚಿನ ಮಕ್ಕಳಿಗೆ ಬಾಧೆಯಿಲ್ಲ. ಆದರೆ ಕಲೆಗಳು ದೊಡ್ಡವಾದರೆ, ಇಲ್ಲವೆ ಸೋಂಕು ಪದೇಪದೇ ಬಂದರೆ, ಮುಂದಿನ ವರುಷಗಳಲ್ಲಿ ರಕ್ತದೊತ್ತಡವು ಏರುವದಕ್ಕೂ ಮೂತ್ರಪಿಂಡದ ಬಲವು ಕುಂದುವದಕ್ಕೂ ಆಸ್ಪದವಾಗುತ್ತದೆ. ಜ್ವರ ಹಿಡಿದು ಎರಡು ದಿವಸ ಕಳೆದ ಮೇಲೆ ಚಿಕಿತ್ಸೆ ದೊರೆತ ಮಕ್ಕಳಲ್ಲಿ ಕಲೆಗಳು ಹೆಚ್ಚಾದವೆಂದು ವೈದ್ಯರು ಕಂಡಿದ್ದಾರೆ. ಹೀಗಿರಲಾಗಿ ಒಂದು ದಿವಸವು ನಮಗೆ ಅಲ್ಪವಾಗಿ ತೋರಿದರೂ ಕೂಸಿಗೆ ಅಲ್ಪವಲ್ಲ.

೩. ಪಟ್ಟಿಯ ಚರಿತ್ರೆ

ಮೂತ್ರವನ್ನು ನೋಡಿ ರೋಗವನ್ನು ತಿಳಿಯುವ ಪ್ರಯತ್ನವು ಬಹು ಪುರಾತನವಾದದ್ದು. ಇರುವೆಗಳು ಮುತ್ತುವ ಮೂತ್ರದಿಂದ ನಮ್ಮ ದೇಶದ ಪೂರ್ವಕಾಲದ ವೈದ್ಯರು ಮಧುಮೇಹವನ್ನು ಗುರುತಿಸುತ್ತಿದ್ದರು. ಯುರೋಪಿನ ವೈದ್ಯರು ಗಾಜಿನ ಪಾತ್ರೆಯಲ್ಲಿ ಮೂತ್ರವನ್ನು ಬೆಳಕಿಗೆ ಹಿಡಿದು ಅದರ ಬಣ್ಣವನ್ನು ನೋಡುತ್ತಿದ್ದರು.

ಈಗಿನ ಪಟ್ಟಿಯ ಒಂದು ಬೇರು ಇಂಗ್ಲೆಂಡಿನ ಬರ್ಟನ್ ಎಂಬ ಊರಿನಲ್ಲಿದೆ. ಅಲ್ಲಿಯ ಬಿಯರ್ ಕಾರ್ಖಾನೆಯಲ್ಲಿ ಕೆಲಸಮಾಡುತ್ತಿದ್ದ ಪೀಟರ್ ಗ್ರೀಸ್ ಎಂಬ ಜರ್ಮನ್ ರಸಾಯನ ಪಂಡಿತರು, ನೈಟ್ರೈಟ್ ಎಂಬ ಲವಣವು ಎಷ್ಟು ಸ್ವಲ್ಪವಿದ್ದರೂ ಕೆಲವು ದ್ರವ್ಯಗಳೊಡನೆ ಕೂಡಿ ಕೆಂಪು ಬಣ್ಣವನ್ನು ಕೊಡುತ್ತದೆಂದು ೧೮೭೯ರಲ್ಲಿ ತೋರಿಸಿಕೊಟ್ಟರು. ಅವರ ಕೆಲಸವು ಮುಂದೆ ರೋಗದಲ್ಲಿರುವ ಕೂಸುಗಳಿಗೆ ಉಪಯೋಗವಾಯಿತು. ಇನ್ನೊಂದು ಬೇರು ಅಮೇರಿಕದ ಇಂಡಿಯಾನ ಸಂಸ್ಥಾನದ ಎಲ್ಕಾರ್ಟ್ ಪಟ್ಟಣದಲ್ಲಿದೆ. ಅಲ್ಲಿ ಹೆಲೆನ್ ಫ್ರೀ ಮತ್ತು ಅವರ ಪತಿಯಾದ ಆಲ್ಫ್ರೆಡ್ ಫ್ರೀ ಎಂಬವರು, ಮೂತ್ರದಲ್ಲಿ ಅದ್ದಿ ತೆಗೆದು ಬಣ್ಣವನ್ನು ನೋಡಿ ಸಕ್ಕರೆಯ ಅಂಶವನ್ನು ತಿಳಿಯುವ ಕಾಗದದ ಪಟ್ಟಿಯನ್ನು ಸಿದ್ಧಪಡಿಸಿದರು. ಅದು ೧೯೫೬ರಲ್ಲಿ ಮಾರಾಟಕ್ಕೆ ಬಂತು. ಅದಕ್ಕೆ ಮುಂಚೆ ದ್ರಾವಣಗಳನ್ನು ಬೆರಸಿ ಕಾಯಿಸಿ ಮಾಡಬೇಕಾಗಿದ್ದ ಕೆಲಸವು ಅಂದಿನಿಂದ ಬೆರಳುದ್ದದ ಪಟ್ಟಿಯಲ್ಲಿ ಆಗಹತ್ತಿತು. ಕಾಲಕ್ರಮದಲ್ಲಿ ಒಂದೇ ಪಟ್ಟಿಯ ಮೇಲೆ ಹಲವು ಚಿಕ್ಕ ಚೌಕಗಳನ್ನು ಅಂಟಿಸಿ ಹಲವು ಪರೀಕ್ಷೆಗಳನ್ನು ಒಟ್ಟಿಗೆ ಮಾಡುವ ಪದ್ಧತಿಯು ಬಂತು. ಸೋಂಕನ್ನು ತಿಳಿಯಲಿಕ್ಕೆ ಅವುಗಳಲ್ಲಿ ಎರಡು ಚೌಕಗಳು ಮುಖ್ಯವಾದವುಗಳು.

೪. ಎರಡು ಸಾಕ್ಷಿಗಳು

ಒಬ್ಬನ ಸಾಕ್ಷಿಯಿಂದಲೇ ಒಂದು ಮಾತನ್ನು ಸ್ಥಾಪಿಸದೆ ಎರಡು ಮೂರು ಸಾಕ್ಷಿಗಳನ್ನು ಕೇಳಬೇಕೆಂದು ಮೋಶೆಯ ಧರ್ಮಶಾಸ್ತ್ರವು ವಿಧಿಸಿತು. ಪಟ್ಟಿಯ ಈ ಎರಡು ಚೌಕಗಳನ್ನು ಎರಡು ಸಾಕ್ಷಿಗಳೆಂದು ನೆನಸಿದರೆ ವಿಷಯವು ಸುಲಭವಾಗಿ ತಿಳಿಯುವದು.

ಮೊದಲನೆಯ ಸಾಕ್ಷಿಯು ನೈಟ್ರೈಟ್. ನಾವು ತಿನ್ನುವ ಸೊಪ್ಪು ತರಕಾರಿಗಳಿಂದ ನೈಟ್ರೇಟ್ ಎಂಬ ಲವಣವು ಮೂತ್ರಕ್ಕೆ ಸೇರುತ್ತದೆ. ಇ. ಕೋಲೈಯಂಥಾ ಜೀವಿಗಳು ಮೂತ್ರಕೋಶದಲ್ಲಿದ್ದರೆ ಅದನ್ನು ನೈಟ್ರೈಟನ್ನಾಗಿ ಬದಲಾಯಿಸುತ್ತವೆ. ಆಗ ಚೌಕವು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಈ ಬದಲಾವಣೆಗೆ ಮೂತ್ರವು ಒಳಗೆ ಸುಮಾರು ನಾಲ್ಕು ತಾಸು ನಿಂತಿರಬೇಕು. ಕೂಸು ಅಷ್ಟು ಹೊತ್ತು ಮೂತ್ರವನ್ನು ತಡೆಯುವದಿಲ್ಲ. ಮೊಲೆಹಾಲು ಮಾತ್ರ ಕುಡಿಯುವ ಕೂಸಿನ ಮೂತ್ರದಲ್ಲಿ ನೈಟ್ರೇಟ್ ಸಹ ಕಡಿಮೆ. ಇದಲ್ಲದೆ ಕೆಲವು ಜಾತಿಯ ರೋಗಜೀವಿಗಳು ನೈಟ್ರೈಟನ್ನು ಉಂಟುಮಾಡುವದೇ ಇಲ್ಲ. ಆದದರಿಂದ ಈ ಸಾಕ್ಷಿಯು ಬಾಯಿ ತೆರೆದರೆ ಅದರ ಮಾತನ್ನು ನಂಬಬಹುದು; ಅದು ಸುಮ್ಮನಿದ್ದರೆ ರೋಗವಿಲ್ಲವೆಂದು ಹೇಳಲಾಗದು.

ಎರಡನೆಯ ಸಾಕ್ಷಿಯು ಲ್ಯೂಕೊಸೈಟ್ ಎಸ್ಟರೇಸ್. ಸೋಂಕು ಬಂದಲ್ಲಿಗೆ ನಮ್ಮ ರಕ್ತದ ಬಿಳಿಯ ಕಣಗಳು ಕಾವಲುಗಾರರಂತೆ ಧಾವಿಸುತ್ತವೆ. ಆ ಕಣಗಳೊಳಗಿನ ಒಂದು ದ್ರವ್ಯವು ಈ ಚೌಕವನ್ನು ನೇರಳೆ ಬಣ್ಣಕ್ಕೆ ತಿರುಗಿಸುತ್ತದೆ. ಈ ಸಾಕ್ಷಿಯು ಬೇಗ ಮಾತಾಡುತ್ತದೆ. ಆದರೆ ಮೂತ್ರದ್ವಾರದ ಸುತ್ತಣ ಚರ್ಮವು ಕೆಂಪಾಗಿ ಬೆಂದಿದ್ದರೂ, ಬೇರೆ ಕಾರಣದಿಂದ ಬಲವಾದ ಜ್ವರವಿದ್ದರೂ ಬಿಳಿಯ ಕಣಗಳು ಮೂತ್ರದಲ್ಲಿ ಕಾಣಬಹುದು. ಆದಕಾರಣ ಅದರ ಮಾತನ್ನು ಕೇಳಬೇಕು, ಆದರೆ ವಿಚಾರಿಸದೆ ತೀರ್ಪು ಕೊಡಬಾರದು.

ಅಮೇರಿಕದ ಮಕ್ಕಳ ವೈದ್ಯರ ಸಂಘವು ೨೦೧೧ರಲ್ಲಿ ಪ್ರಕಟಿಸಿದ ಲೆಕ್ಕವು ಇದನ್ನು ಸ್ಪಷ್ಟಪಡಿಸುತ್ತದೆ. ನಿಜವಾಗಿ ಸೋಂಕಿರುವ ನೂರು ಮಕ್ಕಳಲ್ಲಿ ನೈಟ್ರೈಟ್ ಸುಮಾರು ೫೩ ಮಂದಿಯನ್ನು ಮಾತ್ರ ತೋರಿಸುತ್ತದೆ. ಆದರೆ ಸೋಂಕಿಲ್ಲದ ನೂರು ಮಂದಿಯಲ್ಲಿ ಅದು ತಪ್ಪಾಗಿ ತೋರಿಸುವದು ಸುಮಾರು ಇಬ್ಬರನ್ನು ಮಾತ್ರ. ಬಿಳಿಯ ಕಣಗಳ ಚೌಕವು ಸೋಂಕಿರುವ ನೂರರಲ್ಲಿ ಸುಮಾರು ೮೩ ಮಂದಿಯನ್ನು ತೋರಿಸುತ್ತದೆ. ಸೋಂಕಿಲ್ಲದ ನೂರರಲ್ಲಿ ಸುಮಾರು ೨೨ ಮಂದಿಯ ಮೇಲೆಯೂ ತಪ್ಪು ಹೊರಿಸುತ್ತದೆ. ಎರಡರಲ್ಲಿ ಯಾವದಾದರೊಂದು ಬಣ್ಣ ತಿರುಗಿದರೆ ಸಾಕೆಂದು ಎಣಿಸಿದಲ್ಲಿ ಸೋಂಕಿರುವ ನೂರರಲ್ಲಿ ೯೩ ಮಂದಿ ಸಿಕ್ಕುತ್ತಾರೆ. ಆದರೆ ಸೋಂಕಿಲ್ಲದವರಲ್ಲಿ ೨೮ ಮಂದಿಯೂ ಅವರೊಂದಿಗೆ ಸೇರುತ್ತಾರೆ.

ಇದರ ಅರ್ಥವನ್ನು ಮನೆಯ ಲೆಕ್ಕದಂತೆ ನೋಡೋಣ. ಜ್ವರದ ನೂರು ಕೂಸುಗಳಲ್ಲಿ ೭ ಕೂಸುಗಳಿಗೆ ನಿಜವಾಗಿ ಸೋಂಕಿದೆಯೆಂದಿಟ್ಟುಕೊಳ್ಳಿರಿ. ಪಟ್ಟಿಯು ಆ ಏಳರಲ್ಲಿ ಆರನ್ನೋ ಏಳನ್ನೋ ಹಿಡಿದುಕೊಡುತ್ತದೆ. ಮಿಕ್ಕ ೯೩ ಕೂಸುಗಳಲ್ಲಿಯೂ ಸುಮಾರು ೨೬ ಕೂಸುಗಳ ಪಟ್ಟಿಯು ಬಣ್ಣ ತಿರುಗುತ್ತದೆ. ಹೀಗೆ ಬಣ್ಣ ತಿರುಗಿದ ಮೂವತ್ತೆರಡು ಮೂವತ್ತಮೂರು ಪಟ್ಟಿಗಳಲ್ಲಿ ನಿಜವಾದ ರೋಗವಿರುವದು ಸುಮಾರು ಐದರಲ್ಲೊಂದಕ್ಕೆ ಮಾತ್ರ. ಆದದರಿಂದಲೇ ವೈದ್ಯರು ಪಟ್ಟಿಯನ್ನು ನೋಡಿದ ಮೇಲೆ ಮೂತ್ರವನ್ನು ಪ್ರಯೋಗಶಾಲೆಗೆ ಕಳುಹಿಸಿ ಕಲ್ಚರ್ ಮಾಡಿಸುತ್ತಾರೆ. ಅಲ್ಲಿ ಜೀವಿಗಳನ್ನು ಬೆಳೆಯಿಸಿ, ಅವು ಯಾವ ಜಾತಿಯವು, ಯಾವ ಔಷಧಕ್ಕೆ ಸಾಯುತ್ತವೆ ಎಂದು ತಿಳಿಯುತ್ತಾರೆ. ಅದಕ್ಕೆ ಒಂದೆರಡು ದಿವಸ ಬೇಕು. ಪಟ್ಟಿಯು ಆ ಎರಡು ದಿವಸಗಳ ಕತ್ತಲೆಯಲ್ಲಿ ದಾರಿ ತೋರಿಸುವ ಚಿಕ್ಕ ದೀಪ.

೫. ಮೂತ್ರವನ್ನು ಹಿಡಿಯುವ ರೀತಿ

ಸಾಕ್ಷಿಯು ಎಷ್ಟು ಸತ್ಯವಂತನಾದರೂ ಅವನ ಮುಂದೆ ಕೆಟ್ಟ ವಸ್ತುವನ್ನಿಟ್ಟರೆ ಕೆಟ್ಟ ಉತ್ತರವೇ ಬರುವದು. ಚರ್ಮದ ಮೇಲಣ ಜೀವಿಗಳು ಮೂತ್ರಕ್ಕೆ ಬೆರೆತರೆ, ರೋಗವಿಲ್ಲದ ಮಗುವಿಗೂ ರೋಗವಿದ್ದಂತೆ ಕಾಣುತ್ತದೆ. ಈ ಕೆಲಸದಲ್ಲಿ ತಾಯಿಯ ಸಹಾಯವು ಬಹಳ ಮುಖ್ಯ.

ಹೇಳಿದ ಮಾತು ತಿಳಿಯುವ ಮಗುವಾದರೆ ಮೂತ್ರದ್ವಾರದ ಸ್ಥಳವನ್ನು ಸಾಬೂನು ನೀರಿನಿಂದ ತೊಳೆದು, ಮೊದಲಿನ ಸ್ವಲ್ಪ ಮೂತ್ರವನ್ನು ಬಿಟ್ಟು ನಡುವಿನದನ್ನು ಆಸ್ಪತ್ರೆಯವರು ಕೊಟ್ಟ ಶುದ್ಧವಾದ ಸೀಸೆಯಲ್ಲಿ ಹಿಡಿಯತಕ್ಕದ್ದು. ಕೂಸಾದರೆ ತೊಳೆದು ಒರಸಿ, ಬಟ್ಟೆಯಿಲ್ಲದೆ ತೊಡೆಯ ಮೇಲೆ ಹಿಡಿದುಕೊಂಡು ಕಾದಿರಬೇಕು. ಮೂತ್ರ ಬಂದ ಕ್ಷಣದಲ್ಲಿ ಸೀಸೆಯನ್ನು ಒಡ್ಡಬೇಕು. ಇದಕ್ಕೆ ತಾಳ್ಮೆ ಬೇಕು. ಆಸ್ಟ್ರೇಲಿಯದ ಮೆಲ್ಬರ್ನ್ ಪಟ್ಟಣದ ವೈದ್ಯರು ಇದಕ್ಕೆ ಒಂದು ಸುಲಭವಾದ ಉಪಾಯವನ್ನು ಪರೀಕ್ಷಿಸಿ ೨೦೧೭ರಲ್ಲಿ ಪ್ರಕಟಿಸಿದರು. ತಣ್ಣಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಕೂಸಿನ ಕಿಬ್ಬೊಟ್ಟೆಯನ್ನು ಮೆಲ್ಲಗೆ ಸುತ್ತುಸುತ್ತಾಗಿ ಸವರಿದಾಗ ಐದು ನಿಮಿಷಗಳೊಳಗೆ ನೂರರಲ್ಲಿ ೩೧ ಕೂಸುಗಳು ಮೂತ್ರ ಹೊಯ್ದವು. ಸವರದೆ ಕಾದಲ್ಲಿ ೧೨ ಮಾತ್ರ. ತಣ್ಣಗಿನ ಗಾಳಿಗೆ ಕೂಸು ಒದ್ದೆಮಾಡುವದನ್ನು ಕಂಡಿರುವ ನಮ್ಮ ಅಜ್ಜಿಯರಿಗೆ ಇದು ಆಶ್ಚರ್ಯವೆಂದು ತೋರಲಾರದು.

ಕೆಲವು ಕಡೆ ಕೂಸಿಗೆ ಪ್ಲಾಸ್ಟಿಕ್ ಚೀಲವನ್ನು ಅಂಟಿಸಿ ಮೂತ್ರವನ್ನು ಹಿಡಿಯುತ್ತಾರೆ. ಚೀಲದ ಮೂತ್ರದಲ್ಲಿ ಎರಡು ಚೌಕಗಳೂ ಬಣ್ಣ ತಿರುಗದಿದ್ದರೆ ಅದು ಉಪಯೋಗವಾದ ಸಂಗತಿಯೇ. ಆದರೆ ಬಣ್ಣ ತಿರುಗಿದರೆ, ಅದೇ ಚೀಲದ ಮೂತ್ರವನ್ನು ಕಲ್ಚರಿಗೆ ಕಳುಹಿಸಿ ರೋಗವನ್ನು ನಿಶ್ಚಯಿಸಬಾರದು, ಯಾಕಂದರೆ ಚರ್ಮದ ಜೀವಿಗಳು ಅದರಲ್ಲಿ ಸುಲಭವಾಗಿ ಸೇರುತ್ತವೆ. ಆಗ ವೈದ್ಯರು ಸಣ್ಣ ನಳಿಕೆಯಿಂದ ಮೂತ್ರಕೋಶದ ಮೂತ್ರವನ್ನು ತೆಗೆಯಬೇಕೆಂದು ಹೇಳಬಹುದು. ತಾಯಿತಂದೆಗಳು ಆ ಮಾತಿಗೆ ಹೆದರಿ ಕೂಸನ್ನು ಎತ್ತಿಕೊಂಡು ಮನೆಗೆ ಓಡಬಾರದು. ಅದು ಕ್ಷಣಮಾತ್ರದ ನೋವು. ಅದರಿಂದ ದೊರೆಯುವ ಸತ್ಯವು ಬಹುಕಾಲಕ್ಕೆ ಉಪಕಾರ.

ಡಯಾಪರಿನಿಂದಾಗಲಿ ಬಟ್ಟೆಯಿಂದಾಗಲಿ ಹಿಂಡಿದ ಮೂತ್ರವೂ, ಮನೆಯ ಲೋಟದಲ್ಲಿ ಹಿಡಿದದ್ದೂ ಕಲ್ಚರಿಗೆ ತಕ್ಕದ್ದಲ್ಲ. ಹಿಡಿದ ಮೂತ್ರವನ್ನು ಬಿಸಿಲಿನಲ್ಲಿ ಇಡಬಾರದು. ಪಟ್ಟಿಯ ಪರೀಕ್ಷೆಯನ್ನು ಕೂಡಲೇ ಮಾಡತಕ್ಕದ್ದು. ಕಲ್ಚರಿಗೆ ಹೋಗತಕ್ಕದ್ದು ನಾಲ್ಕು ತಾಸಿನೊಳಗೆ ಪ್ರಯೋಗಶಾಲೆಗೆ ಮುಟ್ಟಬೇಕು; ಆಗದಿದ್ದರೆ ತಂಪು ಪೆಟ್ಟಿಗೆಯಲ್ಲಿರಬೇಕು.

ಪಟ್ಟಿಯ ವಿಷಯದಲ್ಲಿಯೂ ಜಾಗ್ರತೆ ಬೇಕು. ನಮ್ಮ ಸಭೆಗಳಲ್ಲಿ ಆರೋಗ್ಯ ಕೇಂದ್ರಗಳಲ್ಲಿ ಸೇವೆಮಾಡುವ ಸಹೋದರಿಯರು ಅನೇಕರಿದ್ದಾರೆ. ಅವರಿಗೆ ಇದು ತಿಳಿದ ಸಂಗತಿಯಾದರೂ ಪುನಃ ಹೇಳುವದರಲ್ಲಿ ಬೇಸರವಿಲ್ಲ. ಪಟ್ಟಿಗಳ ಡಬ್ಬಿಯ ಮುಚ್ಚಳವನ್ನು ತೆರೆದಿಟ್ಟರೆ ಗಾಳಿಯ ತೇವದಿಂದ ಅವು ಕೆಡುತ್ತವೆ, ಕೆಟ್ಟ ಪಟ್ಟಿಯು ಸುಳ್ಳು ಬಣ್ಣವನ್ನು ತೋರಿಸುತ್ತದೆ. ಮಳೆಗಾಲದಲ್ಲಿ ಇದು ವಿಶೇಷವಾಗಿ ಗಮನಿಸತಕ್ಕದ್ದು. ಡಬ್ಬಿಯ ಮೇಲೆ ಬರೆದ ದಿನಾಂಕವು ಮೀರಿರಬಾರದು. ಚೌಕಗಳನ್ನು ಬೆರಳಿಂದ ಮುಟ್ಟಬಾರದು. ಅದ್ದಿ ಕೂಡಲೇ ತೆಗೆದು, ಅಂಚನ್ನು ಪಾತ್ರೆಯ ಬಾಯಿಗೆ ತಗಲಿಸಿ ಹನಿಯನ್ನು ಇಳಿಸಿ, ಗಡಿಯಾರವನ್ನು ನೋಡಿಕೊಂಡಿದ್ದು, ಡಬ್ಬಿಯಲ್ಲಿ ಹೇಳಿದ ಹೊತ್ತಿಗೆ ಸರಿಯಾಗಿ ಬಣ್ಣವನ್ನು ಹೋಲಿಸಬೇಕು. ಸಾಧಾರಣವಾಗಿ ನೈಟ್ರೈಟಿಗೆ ಒಂದು ನಿಮಿಷ, ಬಿಳಿಯ ಕಣಗಳಿಗೆ ಎರಡು ನಿಮಿಷ. ಹೊತ್ತು ಮೀರಿದ ಮೇಲೆ ತಿರುಗಿದ ಬಣ್ಣಕ್ಕೆ ಬೆಲೆಯಿಲ್ಲ.

೬. ವಯಸ್ಸಿಗೆ ತಕ್ಕ ತೀರ್ಮಾನ

ಇಂಗ್ಲೆಂಡಿನಲ್ಲಿ ೨೦೦೭ರಲ್ಲಿ ಮೊದಲು ಹೊರಟು ೨೦೨೨ರಲ್ಲಿ ಪರಿಷ್ಕರಿಸಲ್ಪಟ್ಟ ವೈದ್ಯಕೀಯ ನಿಯಮಾವಳಿಯು ಮಗುವಿನ ವಯಸ್ಸನ್ನು ನೋಡಿ ನಡೆಯಬೇಕೆಂದು ಹೇಳುತ್ತದೆ.

ಮೂರು ತಿಂಗಳು ತುಂಬದ ಕೂಸಿಗೆ ಸೋಂಕಿನ ಸಂಶಯವಿದ್ದರೆ ಪಟ್ಟಿಯೊಂದನ್ನೇ ನಂಬಿ ಕೂಡ್ರಬಾರದು. ಮೂತ್ರವನ್ನು ತಡವಿಲ್ಲದೆ ಸೂಕ್ಷ್ಮದರ್ಶಕಕ್ಕೂ ಕಲ್ಚರಿಗೂ ಕಳುಹಿಸಿ, ಕೂಸನ್ನು ಮಕ್ಕಳ ವೈದ್ಯರಿಗೆ ಒಪ್ಪಿಸಬೇಕು. ಇಷ್ಟು ಚಿಕ್ಕ ಕೂಸಿಗೆ ೧೦೦.೪ ಡಿಗ್ರಿ ಜ್ವರ ಬಂದರೂ ಅದೇ ದಿವಸ ಆಸ್ಪತ್ರೆಗೆ ಹೊರಡಬೇಕೆಂಬದನ್ನು ಪ್ರತಿಯೊಬ್ಬ ತಾಯಿಯೂ ನೆನಪಿನಲ್ಲಿಡಲಿ.

ಮೂರು ತಿಂಗಳಿಂದ ಮೂರು ವರುಷದ ವರೆಗಿನ ಮಗುವಿನಲ್ಲಿ ಎರಡರಲ್ಲಿ ಒಂದು ಚೌಕವು ಬಣ್ಣ ತಿರುಗಿದರೂ ಮೂತ್ರವನ್ನು ಕಲ್ಚರಿಗೆ ಕಳುಹಿಸಿ ಔಷಧವನ್ನು ಪ್ರಾರಂಭಿಸುತ್ತಾರೆ. ಎರಡೂ ತಿರುಗದಿದ್ದರೆ ಆ್ಯಂಟಿಬಯಾಟಿಕ್ ಕೊಡುವದಿಲ್ಲ. ಜ್ವರದ ಬೇರೆ ಕಾರಣವನ್ನು ಹುಡುಕುತ್ತಾರೆ.

ಮೂರು ವರುಷ ಮೀರಿದ ಮಗುವಿನಲ್ಲಿ ಪಟ್ಟಿಯ ಮಾತಿಗೆ ಬೆಲೆ ಹೆಚ್ಚು. ಎರಡೂ ಚೌಕಗಳು ತಿರುಗಿದರೆ ಸೋಂಕೆಂದು ಎಣಿಸಿ ಔಷಧ ಕೊಡುತ್ತಾರೆ. ನೈಟ್ರೈಟ್ ಮಾತ್ರ ತಿರುಗಿದ್ದು, ಮೂತ್ರವೂ ಆಗಲೇ ಹಿಡಿದದ್ದಾದರೆ, ಔಷಧವನ್ನು ಪ್ರಾರಂಭಿಸಿ ಕಲ್ಚರಿಗೆ ಕಳುಹಿಸುತ್ತಾರೆ. ಬಿಳಿಯ ಕಣಗಳ ಚೌಕವು ಮಾತ್ರ ತಿರುಗಿದರೆ, ಮೂತ್ರರೋಗದ ಸ್ಪಷ್ಟವಾದ ಗುರುತುಗಳು ಮಗುವಿನಲ್ಲಿ ಇಲ್ಲದ ಪಕ್ಷಕ್ಕೆ ಕಲ್ಚರಿನ ಉತ್ತರ ಬರುವ ತನಕ ಔಷಧವನ್ನು ತಡೆದಿಡುತ್ತಾರೆ. ಎರಡೂ ತಿರುಗದಿದ್ದರೆ ಮೂತ್ರದ ಸೋಂಕಿಲ್ಲವೆಂದು ಎಣಿಸುತ್ತಾರೆ. ಆದರೂ ಮಗುವಿನ ಸ್ಥಿತಿಯು ಕೆಟ್ಟು ಕಂಡರೆ ಪಟ್ಟಿಯ ಮೌನವನ್ನು ನಂಬಿ ಯಾವ ವೈದ್ಯರೂ ಸುಮ್ಮನಿರುವದಿಲ್ಲ.

೭. ಔಷಧದ ವಿಷಯದಲ್ಲಿ ನಮ್ಮ ನಡತೆ

ಇಲ್ಲಿ ನಾವು ಒಂದು ಮಾತನ್ನು ಒತ್ತಿ ಹೇಳುತ್ತೇವೆ. ಮೂತ್ರವನ್ನು ಹಿಡಿಯುವದಕ್ಕೆ ಮುಂಚೆಯೇ ಅಂಗಡಿಯಿಂದ ತಂದ ಆ್ಯಂಟಿಬಯಾಟಿಕನ್ನು ಕುಡಿಸಿದರೆ, ಕಲ್ಚರಿನಲ್ಲಿ ಜೀವಿಯು ಬೆಳೆಯದೆ ಹೋಗಬಹುದು. ಸಾಕ್ಷಿಯ ಬಾಯನ್ನು ಕಟ್ಟಿದ ಮೇಲೆ ನ್ಯಾಯ ವಿಚಾರಣೆ ಹೇಗೆ? ಅರೆಮನಸ್ಸಿನ ಔಷಧದಿಂದ ಜ್ವರವು ಎರಡು ದಿವಸ ಇಳಿದು, ಒಳಗೆ ಕಿಡಿ ಉಳಿದು, ಪುನಃ ಹೊತ್ತುವದುಂಟು. ಬೇಡವಾದ ಔಷಧವನ್ನು ಪದೇಪದೇ ಕೊಡುವದರಿಂದ ಜೀವಿಗಳು ಅದಕ್ಕೆ ಒಗ್ಗಿಕೊಂಡು ಸಾಯದವುಗಳಾಗುತ್ತವೆ. ಆ ಕೇಡು ನಮ್ಮ ಮನೆಯಲ್ಲಿ ನಿಲ್ಲದೆ ನೆರೆಯವರ ಮಕ್ಕಳಿಗೂ ಮುಟ್ಟುತ್ತದೆ. ಆದದರಿಂದ ಮೊದಲು ಪರೀಕ್ಷೆ, ಆ ಮೇಲೆ ಔಷಧ.

ರೋಗವು ನಿಶ್ಚಯವಾದ ಮೇಲೆ ವೈದ್ಯರು ಹೇಳಿದಷ್ಟು ದಿವಸ ಔಷಧವನ್ನು ಪೂರ್ಣವಾಗಿ ಕೊಡತಕ್ಕದ್ದು. ಜ್ವರವು ಸಾಮಾನ್ಯವಾಗಿ ಒಂದೆರಡು ದಿವಸಗಳಲ್ಲಿ ಇಳಿಯುತ್ತದೆ. ಇಳಿಯಿತೆಂದು ಸೀಸೆಯನ್ನು ಗೂಡಿನಲ್ಲಿಡಬಾರದು. ಎರಡು ದಿವಸಗಳಾದರೂ ಇಳಿಯದಿದ್ದರೆ, ಇಲ್ಲವೆ ಕೂಸು ಔಷಧವನ್ನೆಲ್ಲಾ ವಾಂತಿಮಾಡಿದರೆ, ಆಸ್ಪತ್ರೆಗೆ ತಿರಿಗಿ ಹೋಗಬೇಕು. ಮೂತ್ರಪಿಂಡಗಳ ರಚನೆಯಲ್ಲಿ ದೋಷವಿದೆಯೋ ಎಂದು ತಿಳಿಯಲಿಕ್ಕೆ ವೈದ್ಯರು ಅಲ್ಟ್ರಾಸೌಂಡ್ ಮಾಡಿಸೆಂದು ಹೇಳಿದರೆ ಅದನ್ನು ಅಲಕ್ಷ್ಯ ಮಾಡಬಾರದು. ಎಳನೀರು, ಕೊತ್ತುಂಬರಿ ಬೀಜದ ನೀರು ಮುಂತಾದವುಗಳನ್ನು ದೊಡ್ಡ ಮಗುವಿಗೆ ಕುಡಿಸುವದರಲ್ಲಿ ಕೇಡಿಲ್ಲ. ಆದರೆ ಅವು ಔಷಧದ ಸ್ಥಾನದಲ್ಲಿ ನಿಲ್ಲಲಾರವು. ಆರು ತಿಂಗಳೊಳಗಿನ ಕೂಸಿಗೆ ಮೊಲೆಹಾಲೇ ಸಾಕು.

೮. ಮನೆಯಲ್ಲಿಯೂ ಸಭೆಯಲ್ಲಿಯೂ ಮಾಡತಕ್ಕದ್ದು

ಈ ರೋಗವನ್ನು ಎಲ್ಲಾ ಮಕ್ಕಳಲ್ಲಿ ತಡೆಯಲಾಗದು. ಕೆಲವು ಮಕ್ಕಳಲ್ಲಿ ತಡೆಯಬಹುದು. ಮೊಲೆಹಾಲು ಕೂಸಿಗೆ ಒಂದು ಕೋಟೆ. ಹೆಣ್ಣುಮಗುವನ್ನು ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಗಂಡುಕೂಸಿನ ಮುಂದೊಗಲನ್ನು ಬಲವಂತದಿಂದ ಹಿಂದಕ್ಕೆ ಎಳೆಯಬಾರದು. ಮಲಬದ್ಧತೆಯಿರುವ ಮಕ್ಕಳಲ್ಲಿ ಮೂತ್ರದ ಸೋಂಕು ಹೆಚ್ಚು; ಆದದರಿಂದ ಸೊಪ್ಪು, ಹಣ್ಣು, ಸಾಕಷ್ಟು ನೀರು ಕೊಟ್ಟು ಹೊಟ್ಟೆಯನ್ನು ಸರಿಯಾಗಿಡಬೇಕು.

ಮೂತ್ರವನ್ನು ತಡೆದಿಟ್ಟುಕೊಳ್ಳುವ ಅಭ್ಯಾಸವೂ ರೋಗಕ್ಕೆ ಬಾಗಲು ತೆರೆಯುತ್ತದೆ. ಶಾಲೆಯ ಕಕ್ಕಸು ಹೊಲಸಾಗಿದ್ದರೆ, ಅದಕ್ಕೆ ಕದವಿಲ್ಲದಿದ್ದರೆ, ನೀರಿಲ್ಲದಿದ್ದರೆ, ಹುಡುಗಿಯರು ಬೆಳಿಗ್ಗೆಯಿಂದ ಸಂಜೆಯ ತನಕ ತಡೆದುಕೊಂಡಿರುತ್ತಾರೆ. ಹೋಗಬೇಕಾಗಬಾರದೆಂದು ನೀರನ್ನೂ ಕುಡಿಯುವದಿಲ್ಲ. ಇದು ಸಭೆಯ ಹಿರಿಯರು ಲಕ್ಷ್ಯಕ್ಕೆ ತಂದುಕೊಳ್ಳತಕ್ಕ ಸಂಗತಿ. ನಮ್ಮ ಸಭೆಗಳಿಗೆ ಸೇರಿದ ಶಾಲೆಗಳಲ್ಲಿಯೂ, ಭಾನುವಾರದ ಶಾಲೆ ನಡಿಯುವ ಕಟ್ಟಡದಲ್ಲಿಯೂ ಒಂದು ಶುಚಿಯಾದ ಕಕ್ಕಸು, ಅಗುಳಿಯಿರುವ ಕದ, ಒಂದು ಕೊಳಗ ನೀರು ಇವೆಯೋ? ದೇವಾಲಯದ ಗೋಡೆಗೆ ಸುಣ್ಣ ಬಳಿಯುವದಕ್ಕೆ ಹಣ ಕೂಡಿಸುವ ನಾವು ಇದಕ್ಕೆ ಕೂಡಿಸಲಾರೆವೋ? ಮಕ್ಕಳನ್ನು ತನ್ನ ಬಳಿಗೆ ಬರಮಾಡಿಕೊಂಡು ಆಶೀರ್ವದಿಸಿದ ಕರ್ತನು ಅವರ ಅವಶ್ಯಕತೆಗಳನ್ನು ಹೀನವೆಂದು ಎಣಿಸಿದ್ದಿಲ್ಲ. ಯಾಯೀರನ ಮಗಳನ್ನು ಎಬ್ಬಿಸಿದ ಕೂಡಲೇ ಆಕೆಗೆ ಊಟಕ್ಕೆ ಕೊಡಬೇಕೆಂಬ ಚಿಂತೆಯು ಆತನಿಗೆ ಇತ್ತಷ್ಟೆ. ಮಹಾ ಕಾರ್ಯವನ್ನು ಮಾಡಿದವನು ಮಗುವಿನ ಹಸಿವೆಯನ್ನು ಮರೆಯಲಿಲ್ಲ.

ಕೂಲಿಯ ದಿವಸವನ್ನು ಬಿಟ್ಟು ಆಸ್ಪತ್ರೆಗೆ ಹೋಗುವದು ಬಡ ಮನೆಯವರಿಗೆ ಕಷ್ಟವೆಂದು ನಾವು ಬಲ್ಲೆವು. ಇಂಥಾ ಮನೆಯಲ್ಲಿ ಕೂಸಿಗೆ ಜ್ವರ ಬಂದರೆ, ಜೊತೆಗೆ ಹೋಗುವದಕ್ಕೆ ಒಬ್ಬ ಸಹೋದರಿಯನ್ನೂ, ಬಸ್ಸಿನ ಖರ್ಚನ್ನೂ ಒದಗಿಸುವದು ಸ್ತ್ರೀಯರ ಕೂಟಕ್ಕೆ ತಕ್ಕ ಸೇವೆ. ಜ್ವರದಲ್ಲಿರುವ ಕೂಸಿನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿರಿ. ಪ್ರಾರ್ಥಿಸಿದ ಮೇಲೆ ಆ ಕೈಯಿಂದಲೇ ಕೂಸನ್ನು ಎತ್ತಿಕೊಂಡು ಆಸ್ಪತ್ರೆಗೆ ನಡೆಯಿರಿ. ಕಾರಣ ಕಾಣದ ಜ್ವರವಾದರೆ, ಮೂತ್ರವನ್ನು ಪರೀಕ್ಷಿಸಬೇಕೋ ಎಂದು ವೈದ್ಯರನ್ನು ವಿನಯದಿಂದ ಕೇಳಿರಿ. ಆ ಒಂದು ಪ್ರಶ್ನೆಯಿಂದ ಒಂದು ಕೂಸಿನ ಮೂತ್ರಪಿಂಡವು ಜೀವಮಾನವೆಲ್ಲಾ ಆರೋಗ್ಯವಾಗಿ ಉಳಿಯಬಹುದು.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ಹಿಜ್ಕೀಯನ ಚರಿತ್ರೆಯಿಂದ ಪ್ರಾರ್ಥನೆ ಮತ್ತು ಔಷಧಗಳ ವಿಷಯದಲ್ಲಿ ಏನು ಕಲಿಯುತ್ತೇವೆ?

೨. ಮಾತು ಬಾರದ ಕೂಸಿನಲ್ಲಿ ಮೂತ್ರದ ಸೋಂಕಿನ ಗುರುತುಗಳು ಯಾವವು?

೩. ನೈಟ್ರೈಟಿನ ಚೌಕವು ಕೂಸುಗಳಲ್ಲಿ ಸುಮ್ಮನಿರುವದಕ್ಕೆ ಕಾರಣಗಳೇನು?

೪. ಚೀಲದಲ್ಲಿ ಹಿಡಿದ ಮೂತ್ರದಿಂದ ಯಾವದನ್ನು ನಂಬಬಹುದು, ಯಾವದನ್ನು ನಂಬಬಾರದು?

೫. ಪರೀಕ್ಷೆಗೆ ಮುಂಚೆ ಅಂಗಡಿಯ ಔಷಧವನ್ನು ಕುಡಿಸುವದರಿಂದ ಬರುವ ಕೇಡುಗಳು ಯಾವವು?

೬. ನಮ್ಮ ಊರಿನ ಶಾಲೆಯ ಕಕ್ಕಸಿನ ಸ್ಥಿತಿ ಹೇಗಿದೆ? ಅದನ್ನು ಸರಿಪಡಿಸಲು ನಮ್ಮ ಸಭೆಯು ಈ ತಿಂಗಳಲ್ಲಿ ಏನು ಮಾಡಬಹುದು?